ಉಪ್ಪುಮೀನು (ಕರಾವಳಿ ಕರ್ನಾಟಕ)

ಉಪ್ಪು ಬೆರೆಸಿ ನೀರಿನಂಶ ಇಳಿಸಿ, ತಿಂಗಳುಗಟ್ಟಲೆ ಕೆಡದಂತೆ ಮಾಡಿದ ಮೀನನ್ನು ಉಪ್ಪುಮೀನು ಎನ್ನುತ್ತಾರೆ. ಮೀನುಗಾರಿಕೆ, ಉಪ್ಪಿನ ಆಗರ, ದೂರದ ಸಂತೆ ಈ ಮೂರನ್ನೂ ಬೆಸೆಯುವ ಕರಾವಳಿಯ ಆಹಾರ ಉದ್ಯಮವೂ ಇದೇ. ಕಾರವಾರದಿಂದ ಉಳ್ಳಾಲದವರೆಗಿನ ಕರ್ನಾಟಕದ ಕಡಲತೀರದಲ್ಲಿ ಈ ಉದ್ಯಮ ನಡೆದುಬಂದ ಬಗೆ, ಅದರ ವಿಧಾನಗಳು, ನೆಲದಲ್ಲೂ ದಾಖಲೆಗಳಲ್ಲೂ ಅದು ಉಳಿಸಿಹೋದ ಕುರುಹುಗಳು ಈ ಲೇಖನದ ವಿಷಯ.

ಪರಿಭಾಷೆ

ಉಪ್ಪು ಹಾಕದೆ ಬರಿಯ ಬಿಸಿಲಿನಲ್ಲಿ ಒಣಗಿಸಿದ್ದು ಒಣಮೀನು. ಉಪ್ಪು ಹಾಕಿ ಅನಂತರ ಒಣಗಿಸಿದ್ದು ಉಪ್ಪುಮೀನು. ಒಣಗಿಸದೆ ಉಪ್ಪುನೀರಿನಲ್ಲೇ ಇಟ್ಟದ್ದು ಹಸಿ ಉಪ್ಪುಮೀನು. ಈ ಲೇಖನದಲ್ಲಿ ಮೂರನ್ನೂ ಹೀಗೆಯೇ ಬೇರ್ಪಡಿಸಿ ಬಳಸಿದೆ. ಮಾರುಕಟ್ಟೆಯಲ್ಲಿ ಮಾತ್ರ ಎಲ್ಲಕ್ಕೂ ಒಣಮೀನು ಎಂಬ ಒಂದೇ ಹೆಸರು. ತುಳುವಿನಲ್ಲಿ ಒಣಮೀನಿಗೆ ನುಂಗೆಲ್ ಮೀನ್ ಎನ್ನುತ್ತಾರೆ, ಕೊಂಕಣಿಯಲ್ಲಿ ಉಪ್ಪುಮೀನಿಗೆ ಖಾರೆಂ ಎನ್ನುತ್ತಾರೆ. ಮೀನಿನ ಹೆಸರುಗಳೂ ಊರಿಂದೂರಿಗೆ ಬದಲಾಗುತ್ತವೆ: ಮಂಗಳೂರು, ಉಡುಪಿಗಳ ಬೂತಾಯಿ ಉತ್ತರ ಕನ್ನಡದಲ್ಲಿ ತಾರ್ಲೆ, ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಕುಂದಾಪುರದ ಕಡೆ ಚಟ್ಲಿ. ಬಂಗುಡೆ ಮಾತ್ರ ತೀರದುದ್ದಕ್ಕೂ ಹೆಚ್ಚುಕಡಿಮೆ ಬಂಗುಡೆಯೇ.

ಪ್ರಾಚೀನ ಹಿನ್ನೆಲೆ

ಉಪ್ಪುಮೀನಿನ ಪುರಾತತ್ತ್ವ ಒಂದು ಸ್ವತಂತ್ರ ಅಧ್ಯಯನವಾಗಿ ಬೆಳೆದದ್ದು ಮೆಡಿಟರೇನಿಯನ್ ತೀರದಲ್ಲಿ. ಫಿನೀಷಿಯನ್ನರು ಮತ್ತು ಅವರ ಪರಂಪರೆಯ ಪ್ಯೂನಿಕ್ ಜನ ನೆಲೆಸಿದ್ದ ಗಾದಿರ್, ಅಂದರೆ ಇಂದಿನ ಸ್ಪೇನಿನ ಕಾದಿಸ್, ಜಿಬ್ರಾಲ್ಟರ್ ಜಲಸಂಧಿಯ ಹೊರಬಾಯಿಯ ಬಳಿ ಇದೆ. ಪ್ರತಿ ವರ್ಷ ಬೇಸಿಗೆಯ ಆರಂಭದಲ್ಲಿ ಟ್ಯೂನಾ ಮೀನಿನ ಹಿಂಡು ಮೊಟ್ಟೆಯಿಡಲು ಆ ಜಲಸಂಧಿಯ ಮೂಲಕವೇ ಒಳಗೆ ಹೋಗುತ್ತದೆ. ಕ್ರಿ.ಪೂ. 5ನೇ ಶತಮಾನದ ಹೊತ್ತಿಗೆ ಗಾದಿರ್ ಕೊಲ್ಲಿಯ ಸುತ್ತ ಮೀನಿಗೆ ಉಪ್ಪು ಹಾಕುವ ಕಾರ್ಯಾಗಾರಗಳೂ ಅದನ್ನು ತುಂಬಿ ಕಳಿಸುವ ಜಾಡಿಗಳ ಕುಂಬಾರಗೂಡುಗಳೂ ಇದ್ದವು. ಆ ನಗರದ ನಾಣ್ಯಗಳ ಒಂದು ಮುಖದಲ್ಲಿ ಮೆಲ್ಕಾರ್ತ್ ದೇವರು, ಇನ್ನೊಂದು ಮುಖದಲ್ಲಿ ಟ್ಯೂನಾ ಮೀನು.

ಈ ವ್ಯಾಪಾರದ ಅತಿ ಸ್ಪಷ್ಟ ಸಾಕ್ಷ್ಯ ದೊರೆತದ್ದು ಮೀನು ಹಿಡಿದಲ್ಲಿ ಅಲ್ಲ, ಮಾರಿದಲ್ಲಿ. ಗ್ರೀಸಿನ ಕೊರಿಂಥ್ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಉತ್ಖನನಗೊಂಡ ಒಂದು ಕಟ್ಟಡದಲ್ಲಿ ಪ್ಯೂನಿಕ್ ಮಾದರಿಯ ಜಾಡಿಗಳ ಒಡಕುಗಳು ರಾಶಿಯಾಗಿ ಸಿಕ್ಕಿದವು. ಅವುಗಳ ಜೊತೆ ಮೀನಿನ ಪೊರೆ, ಮೂಳೆ, ಮಾಂಸದ ತುಣುಕುಗಳೂ ಉಳಿದಿದ್ದವು. ಕ್ರಿ.ಪೂ. 5ನೇ ಶತಮಾನದ ಆ ಕಟ್ಟಡವನ್ನು ಪ್ಯೂನಿಕ್ ಆಂಫೊರಾ ಕಟ್ಟಡ ಎಂದು ಕರೆಯುತ್ತಾರೆ. ಸ್ಪೇನಿನ ಬೊಲೊನಿಯ ಬಳಿಯ ಬೇಲೊ ಕ್ಲಾಡಿಯ, ಮೊರಾಕ್ಕೊದ ಲಿಕ್ಸಸ್, ಪೋರ್ಚುಗಲ್ಲಿನ ತ್ರೋಯಾ ಮೊದಲಾದೆಡೆ ಇಂದು ಕಾಣುವ ಗಾರೆ ಬಳಿದ ತೊಟ್ಟಿಗಳ ದೊಡ್ಡ ಸಾಲುಗಳು ಅನಂತರದ ರೋಮನ್ ಕಾಲದವು. ಅವುಗಳಲ್ಲಿ ಉಪ್ಪುಮೀನಿನ ಜೊತೆ ಗಾರಮ್ ಎಂಬ ಮೀನಿನ ರಸವೂ ತಯಾರಾಗುತ್ತಿತ್ತು. ಅದೇ ರಸ ತುಂಬಿದ್ದ ಸ್ಪೇನಿನ ಜಾಡಿಗಳ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ದೊರೆತಿವೆ. ಅಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದು 1945ರಲ್ಲಿ. ಮೀನಿನಿಂದ ತುಂಬಿದ ಸಮುದ್ರದ ದಡದಲ್ಲಿದ್ದುಕೊಂಡು ಸ್ಪೇನಿನ ಮೀನುರಸ ತರಿಸಿಕೊಂಡವರು ಬಹುಶಃ ಅಲ್ಲಿ ನೆಲೆಸಿದ್ದ ಪಶ್ಚಿಮದ ವರ್ತಕರು.

ಭಾರತ ಉಪಖಂಡದಲ್ಲಿ ಒಣಮೀನಿನ ವ್ಯಾಪಾರ ಇದಕ್ಕಿಂತ ಬಹಳ ಹಳೆಯದು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಹರಪ್ಪದಲ್ಲಿ ಸಮುದ್ರದ ಮೀಸೆಮೀನಿನ ಮೂಳೆಗಳು ದೊರೆತಿವೆ. ಹಸಿಮೀನು ಅಷ್ಟು ದೂರ ಕೆಡದೆ ಬರಲಾರದು. ಒಣಗಿಸಿಯೋ ಉಪ್ಪು ಹಾಕಿಯೋ ತಂದಿರಬೇಕೆಂಬುದು ಮೂಳೆಗಳನ್ನು ಅಧ್ಯಯನ ಮಾಡಿದವರ ನಿರ್ಣಯ. ಗುಜರಾತಿನ ಪಾದ್ರಿ ಎಂಬ ಹರಪ್ಪ ಕಾಲದ ನೆಲೆಯನ್ನು ಉಪ್ಪು ತಯಾರಿಕೆಯ ಊರೆಂದು ಉತ್ಖನನಕಾರರು ಗುರುತಿಸಿದ್ದಾರೆ.

ಕರ್ನಾಟಕದಲ್ಲಿ ಆಕರಗಳು

ಕರ್ನಾಟಕದ ಕರಾವಳಿಯಲ್ಲಿ ಬೇಲೊ ಕ್ಲಾಡಿಯದ ತೊಟ್ಟಿಗಳಿಗೆ ಹೋಲಿಸಬಹುದಾದ ಪ್ರಾಚೀನ ಕಟ್ಟಡವಿಲ್ಲ. ಇಲ್ಲಿ ಉದ್ಯಮವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಇಲ್ಲಿ ಮೀನು ಒಣಗುತ್ತಿದ್ದುದು ಮರಳಿನ ಮೇಲೆ, ತೆಂಗಿನ ಮಡಲಿನ ತಟ್ಟಿಯ ಮೇಲೆ, ಚಾಪೆಯ ಮೇಲೆ. ಉಪ್ಪಿನಲ್ಲಿ ನೆನೆಯುತ್ತಿದ್ದುದು ಮಣ್ಣಿನ ಪಾತ್ರೆಯಲ್ಲಿ, ಬುಟ್ಟಿಯಲ್ಲಿ, ನೆಲದ ಗುಂಡಿಯಲ್ಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಇವುಗಳಲ್ಲಿ ಯಾವುದನ್ನೂ ಉಳಿಸುವುದಿಲ್ಲ. ಜಂಬಿಟ್ಟಿಗೆ ನೆಲದ ಮಣ್ಣು ಆಮ್ಲೀಯವಾದ್ದರಿಂದ ಮೀನಿನ ಸಣ್ಣ ಮೂಳೆಗಳು ಅದರಲ್ಲಿ ಕರಗಿಹೋಗುತ್ತವೆ. ಅಳಿವೆಗಳ ಬಾಯಿ ಸರಿಯುವುದು, ಮರಳಿನ ದಿಬ್ಬ ಮಗುಚುವುದು ಇನ್ನೊಂದು ಕಾರಣ. ಒಟ್ಟಿನಲ್ಲಿ ಇಲ್ಲಿ ಉಪ್ಪುಮೀನಿನ ಇತಿಹಾಸವನ್ನು ಮೀನಿನಿಂದಲ್ಲ, ಉಪ್ಪಿನಿಂದ ಓದಬೇಕಾಗುತ್ತದೆ. ಉಪ್ಪಿಗೆ ತೆರಿಗೆಯಿತ್ತು, ತೆರಿಗೆಗೆ ಲೆಕ್ಕವಿತ್ತು.

ಸಾಹಿತ್ಯ ಆಕರಗಳಲ್ಲಿ ಮುಖ್ಯವಾದದ್ದು ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸ (ಸು. 1129). ಇದರ ಮತ್ಸ್ಯವಿನೋದ ಎಂಬ ಭಾಗ ನದಿಯ ಮೀನು, ಸಮುದ್ರದ ಮೀನು, ಎರಡೂ ಕಡೆ ಓಡಾಡುವ ಮೀನು ಎಂದು ವಿಂಗಡಿಸಿ, ಅವುಗಳ ಲಕ್ಷಣ, ಹಾಕಬೇಕಾದ ಮೇವು, ಗಾಳ ಹಾಕುವ ಕ್ರಮಗಳನ್ನು ಹೇಳುತ್ತದೆ. ಮೀನಿನ ಅಡುಗೆಯ ಮಾತು ಅನ್ನಭೋಗದ ಭಾಗದಲ್ಲಿದೆ. ಇದು ಅರಸನ ವಿನೋದಕ್ಕೆ ಸಂಬಂಧಿಸಿದ ಬರಹ. ದಡದಲ್ಲಿ ಮೀನು ಒಣಗಿಸುವವರ ಕೆಲಸ ಅದರ ವ್ಯಾಪ್ತಿಗೆ ಬರುವುದಿಲ್ಲ.

ಉಪ್ಪಿನ ಆಗರ

ಕರ್ನಾಟಕದ ಸಾಂಪ್ರದಾಯಿಕ ಉಪ್ಪಿನ ಆಗರಗಳಲ್ಲಿ ಇಂದಿಗೂ ಹೆಸರು ಉಳಿಸಿಕೊಂಡದ್ದು ಗೋಕರ್ಣದ ಬಳಿ, ಅಘನಾಶಿನಿ ಅಳಿವೆಯ ಅಂಚಿನಲ್ಲಿರುವ ಸಾಣಿಕಟ್ಟಾ. ಭರತದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಹಾಯಿಸುತ್ತ ಗಾಢವಾಗಿಸಿ, ಕೊನೆಯ ಪಾತಿಗಳಲ್ಲಿ ಹರಳುಗಟ್ಟಲು ಬಿಡುತ್ತಾರೆ. ಹರಳುಗಟ್ಟಿದ ಉಪ್ಪನ್ನು ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಮಳೆ ನಿಂತು ನೆಲ ಒಣಗಿದ ಮೇಲೆ ಆರಂಭವಾಗುವ ಈ ಕೆಲಸ ಮುಂಗಾರಿನ ಮೊದಲ ಹನಿಗೆ ಮುಗಿಯುತ್ತದೆ. ಉತ್ತರ ಕನ್ನಡದಲ್ಲಿ ಆಗೇರ ಸಮುದಾಯ ಈ ಕಸುಬಿಗೆ ತಲೆತಲಾಂತರದಿಂದ ಸೇರಿದೆ. ಆಗರದ ಉಪ್ಪು ದಪ್ಪ ಹರಳಿನದು, ಬಣ್ಣ ಸ್ವಲ್ಪ ಮಂಕು.

ಮೀನಿಗೆ ಯಾವ ಉಪ್ಪು ಎಂಬುದು ರುಚಿಯ ಪ್ರಶ್ನೆ ಮಾತ್ರವಲ್ಲ. ಮೆಗ್ನೀಸಿಯಮ್ ಲವಣ ಹೆಚ್ಚಿದ್ದರೆ ಉಪ್ಪು ಗಾಳಿಯ ತೇವ ಹೀರಿ ಮೀನು ಬೆವರುತ್ತದೆ, ಕಹಿಯೂ ಬರುತ್ತದೆ. ಕ್ಯಾಲ್ಸಿಯಮ್ ಹೆಚ್ಚಿದ್ದರೆ ಮೀನು ಬೆಳ್ಳಗೆ ಬಿರುಸಾಗಿ ಕಾಣುತ್ತದಾದರೂ ಉಪ್ಪು ಒಳಗೆ ಇಳಿಯುವುದು ತಡವಾಗುತ್ತದೆ. ಹೊಸ ಉಪ್ಪನ್ನು ಕೆಲಕಾಲ ರಾಶಿಯಲ್ಲೇ ಬಿಟ್ಟರೆ ಮೆಗ್ನೀಸಿಯಮ್ ಅಂಶ ತೇವದೊಡನೆ ತಾನಾಗಿ ಸೋರಿಹೋಗುತ್ತದೆ.

ಆಗರದ ಪಕ್ಕದ ಗಜನಿ ಭೂಮಿಯೂ ಇದೇ ಆಹಾರ ವ್ಯವಸ್ಥೆಯ ಭಾಗ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಇಲ್ಲಿ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಅಳಿವೆಯ ಬಳಚು ತಿನ್ನಲು, ಅದರ ಚಿಪ್ಪು ಸುಣ್ಣಕ್ಕೆ. ಭತ್ತ, ಉಪ್ಪು, ಸಿಗಡಿ, ಚಿಪ್ಪು ನಾಲ್ಕೂ ಒಂದೇ ಅಳಿವೆಯಿಂದ ಬರುವ ಈ ಏರ್ಪಾಡು ಬಹುಶಃ ಇಡೀ ಕರಾವಳಿಯಲ್ಲಿ ಪುರಾತತ್ತ್ವಜ್ಞರ ಗಮನಕ್ಕೆ ಮೊದಲು ಬರಬೇಕಾದದ್ದು. ಬದು, ತೂಬು, ಹೂಳಿನ ಪದರುಗಳು ಕಾಲಗಣನೆಗೆ ದೊರೆಯುವಂಥವು. ಮರಳಿನ ಮೇಲಿನ ತಟ್ಟಿಗಳಿಗೆ ಆ ಗುಣವಿಲ್ಲ.

ಉಪ್ಪು ಕೆಲಸ ಮಾಡುವ ಬಗೆ

ಹಸಿಮೀನಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಪ್ಪು ಈ ನೀರನ್ನು ಹೊರಗೆಳೆಯುತ್ತದೆ, ತಾನೂ ಒಳಗಿಳಿಯುತ್ತದೆ. ಉಪ್ಪುನೀರು ನೂರಕ್ಕೆ 26ರಷ್ಟು ತೂಕದ ಉಪ್ಪಿನಿಂದ ಪೂರ್ಣ ಗಾಢವಾದಾಗ ಮೀನನ್ನು ಕೊಳೆಸುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಅದರಲ್ಲಿ ಬೆಳೆಯಲಾರವು. ಆದರೆ ಉಪ್ಪನ್ನೇ ಬಯಸುವ ಕೆಲವು ಸೂಕ್ಷ್ಮಜೀವಿಗಳಿವೆ. ಸಮುದ್ರದ ಉಪ್ಪಿನ ಜೊತೆಯಲ್ಲೇ ಬರುವ ಇವು ಉಪ್ಪುಮೀನಿನ ಮೈಮೇಲೆ ಗುಲಾಬಿ ಬಣ್ಣದ ಲೋಳೆಯಾಗಿ ಕಾಣಿಸಿಕೊಳ್ಳುತ್ತವೆ. ಒಣಗಿದ ಮೀನಿಗೆ ಇನ್ನುಳಿದ ಶತ್ರುಗಳು ನೊಣದ ಹುಳು, ತೊಗಲು ತಿನ್ನುವ ಜಾತಿಯ ಜೀರುಂಡೆ ಮತ್ತು ಬೂಷ್ಟು. ಬಂಗುಡೆಯಂಥ ಮೀನನ್ನು ಉಪ್ಪು ಹಾಕುವ ಮೊದಲೇ ಬಿಸಿಲಿನಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹೆಚ್ಚಿ ತಿಂದವರಿಗೆ ಮೈ ಕೆಂಪೇರಿ ತುರಿಕೆಯಾಗುತ್ತದೆ. ಆಮೇಲೆ ಎಷ್ಟೇ ಉಪ್ಪು ಹಾಕಿದರೂ ಅದು ಹೋಗುವುದಿಲ್ಲ.

ವಿಧಾನಗಳು

ಬರಿಯ ಬಿಸಿಲಿನ ಒಣಗಿಸುವಿಕೆ ಸಣ್ಣ ಮೀನಿಗೆ, ಸಿಗಡಿಗೆ. ಕೊಲ್ಲತರು, ನಂಗು, ಸಣ್ಣ ಸಿಗಡಿಗಳನ್ನು ತೊಳೆದು ಹರಡಿದರೆ ಒಳ್ಳೆಯ ಬಿಸಿಲಿಗೆ ಕೆಲವೇ ದಿನಗಳಲ್ಲಿ ಗರಿಗರಿಯಾಗುತ್ತವೆ.

ಒಣ ಉಪ್ಪಿನ ವಿಧಾನ ದೊಡ್ಡ ಮೀನಿಗೆ, ಬಂಗುಡೆಗೆ. ಬೆನ್ನಿನ ಕಡೆಯಿಂದ ಸೀಳಿ ಪುಸ್ತಕದಂತೆ ಬಿಡಿಸಿ, ಕರುಳು ಮತ್ತು ಕಿವಿರು ತೆಗೆದು, ಉಪ್ಪು ತಿಕ್ಕಿ ಪದರುಪದರಾಗಿ ಪೇರಿಸುತ್ತಾರೆ. ಇಳಿದ ನೀರು ಬಸಿದ ಮೇಲೆ ತೊಳೆದು ಬಿಸಿಲಿಗೆ ಹಾಕುತ್ತಾರೆ. ಅಂಜಲ್, ಶಾರ್ಕ್ ಮೊದಲಾದ ದಪ್ಪ ಮೀನುಗಳನ್ನು ಹೋಳು ಮಾಡಿ, ಮಾಂಸಕ್ಕೆ ಅಡ್ಡಡ್ಡ ಗೀರು ಹಾಕಿ ಒಳಕ್ಕೆ ಉಪ್ಪು ತುರುಕುತ್ತಾರೆ.

ರತ್ನಗಿರಿ ಪದ್ಧತಿಯಲ್ಲಿ ಬಂಗುಡೆಯನ್ನು ಉಪ್ಪಿನಲ್ಲಿ ಹದಗೊಳಿಸಿ, ಒಣಗಿಸದೆ ಹಸಿ ಉಪ್ಪುಮೀನಾಗಿಯೇ ಮಾರುತ್ತಾರೆ.

ಇವೆಲ್ಲಕ್ಕಿಂತ ಕುತೂಹಲದ ವಿಧಾನ ಕೊಲಂಬೊ ಪದ್ಧತಿ. ದಕ್ಷಿಣ ಕನ್ನಡ, ಮಲಬಾರ್ ತೀರಗಳಲ್ಲಿ ಸಿಲೋನಿನ ಮಾರುಕಟ್ಟೆಗಾಗಿ ಬೆಳೆದದ್ದು ಇದು. ಬಂಗುಡೆಯ ಕರುಳು, ಕಿವಿರು ತೆಗೆದು ಚೆನ್ನಾಗಿ ತೊಳೆದು, ಸುಮಾರು ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪಿನಂತೆ ಬೆರೆಸಿ ತೊಟ್ಟಿಗೆ ತುಂಬುತ್ತಿದ್ದರು. ಪ್ರತಿ ಮೀನಿನ ಹೊಟ್ಟೆಯೊಳಗೆ ಒಣಗಿಸಿದ ಉಪ್ಪಾಗೆ ಹುಳಿಯ ಚೂರು ಇಡುತ್ತಿದ್ದರು. ಮೀನು ತನ್ನದೇ ಉಪ್ಪುರಸದಲ್ಲಿ ಮುಳುಗಿ, ಮೇಲೆ ಭಾರ ಹೊತ್ತು ಎರಡು ಮೂರು ತಿಂಗಳು ಕಳೆಯುತ್ತಿತ್ತು. ಅನಂತರ ಅದನ್ನು ಮರದ ಪೀಪಾಯಿಗಳಿಗೆ ಸಾಲಾಗಿ ಜೋಡಿಸಿ, ಅದೇ ರಸ ತುಂಬಿ, ಮುಚ್ಚಳ ಬಿಗಿದು ಹಡಗಿಗೆ ಏರಿಸುತ್ತಿದ್ದರು. ಹುಳಿಯ ಆಮ್ಲ ಮಾಂಸವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ಉಪ್ಪಿಗೆ ಜೊತೆಯಾಗಿ ಕೊಳೆತವನ್ನು ತಡೆಯುತ್ತದೆ. ತೊಟ್ಟಿ, ಉಪ್ಪುರಸ, ಮುಚ್ಚಿದ ಪಾತ್ರೆ, ಸಮುದ್ರದಾಚೆಯ ಗಿರಾಕಿ ಹೀಗೆ ಎಲ್ಲ ಅಂಗಗಳಲ್ಲೂ ಗಾದಿರಿನ ಉದ್ಯಮಕ್ಕೆ ಹತ್ತಿರ ನಿಲ್ಲುವ ಕನ್ನಡ ಕರಾವಳಿಯ ವಿಧಾನ ಇದೊಂದೇ. ಅಲ್ಲಿ ಮಣ್ಣಿನ ಜಾಡಿಯಿದ್ದ ಕಡೆ ಇಲ್ಲಿ ಮರದ ಪೀಪಾಯಿ ಬಂದುದರಿಂದ ಮುಂದಿನವರಿಗೆ ಒಡಕು ಚೂರುಗಳೂ ಸಿಗುವಂತಿಲ್ಲ.

ರಂಪಣಿ ಮತ್ತು ಮೀನಿನ ಪೂರೈಕೆ

ಉಪ್ಪುಮೀನಿನ ಉದ್ಯಮ ದೊಡ್ಡದಾದದ್ದು ರಂಪಣಿ ಬಲೆಯಿಂದ. ಗೋವೆ, ರತ್ನಗಿರಿಗಳ ಕಡೆಯಿಂದ ಬಂದ ಈ ದಡದ ಬಲೆ ನೂರಾರು ಮೀಟರ್ ಉದ್ದದ್ದು. ದೋಣಿಯಲ್ಲಿ ಒಯ್ದು ಮೀನಿನ ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಪಾಲುದಾರಿಕೆಯ ಮೇಲೆ ನಡೆಯುತ್ತಿದ್ದ ರಂಪಣಿ ಗುಂಪುಗಳಲ್ಲಿ ಮೊಗವೀರರು, ಖಾರ್ವಿಗಳು, ಹರಿಕಾಂತರು ಮುಖ್ಯರು. ಬಲೆಗೆ ಬಿದ್ದ ಮೀನು ಉಪ್ಪು ಹಾಕುವವರ ಕೈಗೆ ಮೀರಿದ್ದರೆ ಒಮ್ಮೆಗೇ ಎಳೆಯದೆ, ಬಲೆಯ ಆವರಣದಲ್ಲೇ ಜೀವಂತ ಇಟ್ಟುಕೊಂಡು ದಿನದಿನ ಬೇಕಷ್ಟು ತೆಗೆಯುತ್ತಿದ್ದರು. 1970ರ ದಶಕದ ನಡುವಿನಿಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಹರಡಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಕೈರಂಪಣಿ ಎಂಬ ಚಿಕ್ಕ ರೂಪ ಅಲ್ಲಲ್ಲಿ ಉಳಿದಿದೆ.

ಉಪ್ಪಿನ ತೆರಿಗೆ ಮತ್ತು ಉಪ್ಪು ಹಾಕುವ ಅಂಗಳಗಳು

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಬಳಿಕ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಆಡಳಿತಕ್ಕೆ ಸೇರಿತು. 1805ರಲ್ಲಿ ಮದರಾಸಿನಲ್ಲಿ ಜಾರಿಯಾದ ಉಪ್ಪಿನ ಏಕಸ್ವಾಮ್ಯ 1807ರಲ್ಲಿ ಮಲಬಾರ್, ಕೆನರಾಗಳಿಗೂ ಬಂತು. 1862ರಲ್ಲಿ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋದಾಗ ಒಂದೇ ತೀರದ ಉಪ್ಪಿಗೆ ಎರಡು ಆಡಳಿತಗಳಾದವು. ತೆರಿಗೆ ಏರಿದಂತೆ ಬಡ ಮೀನುಗಾರ ಉಪ್ಪು ಕಡಿಮೆ ಮಾಡಿದ, ಇಲ್ಲವೇ ಉಪ್ಪುಮಣ್ಣು ಬಳಸಿದ. ಮೀನು ಅರೆಬರೆ ಹದಗೊಂಡು ಕೊಳೆಯುತ್ತಿತ್ತು.

ಭಾರತದ ಮೀನುಗಳ ಬಗ್ಗೆ ಇಂದಿಗೂ ಆಧಾರವಾಗಿರುವ ಗ್ರಂಥ ಬರೆದ ಸೈನಿಕ ವೈದ್ಯ ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲಿ ಈ ತೊಡಕನ್ನು ಸರ್ಕಾರದ ಮುಂದಿಟ್ಟ. 1870ರ ದಶಕದಿಂದ ಪಶ್ಚಿಮ ತೀರದಲ್ಲಿ ಸರ್ಕಾರಿ ಉಪ್ಪು ಹಾಕುವ ಅಂಗಳಗಳು ಆರಂಭವಾದವು. ಬೇಲಿ ಹಾಕಿದ ಆವರಣ, ಒಳಗೆ ಉಪ್ಪಿನ ಉಗ್ರಾಣ, ಸಾಲು ಚಪ್ಪರ, ಬಾಗಿಲಲ್ಲಿ ತಕ್ಕಡಿ. ಟಿಕೆಟ್ ಪಡೆದವರು ಮೀನು ತಂದು ತೂಗಿಸಬೇಕು. ಆ ತೂಕಕ್ಕೆ ತಕ್ಕಷ್ಟು ಉಪ್ಪನ್ನು ತೆರಿಗೆಯಿಲ್ಲದ ದರದಲ್ಲಿ ಕೊಡುತ್ತಿದ್ದರು. ಉಪ್ಪು ಹಾಕುವ ಕೆಲಸ ಆವರಣದೊಳಗೇ ಮುಗಿಯಬೇಕು, ಉಪ್ಪಿನ ಒಂದು ಹರಳೂ ಹೊರಗೆ ಹೋಗಕೂಡದು. ಮೀನಿಗಿಂತ ಉಪ್ಪಿನ ಮೇಲೆ ಕಾವಲು ಬಿಗಿಯಾಗಿದ್ದ ಈ ಅಂಗಳಗಳು ಕನ್ನಡ ಕರಾವಳಿಯ ಮೊದಲ ನಿಶ್ಚಿತ, ಗುರುತಿಸಬಹುದಾದ ಉಪ್ಪುಮೀನು ಕಾರ್ಯಾಗಾರಗಳು. 1878ರ ಆಂಗ್ಲ-ಪೋರ್ಚುಗೀಸ್ ಒಪ್ಪಂದದ ಮೂಲಕ ಗೋವೆಯ ಉಪ್ಪಿನ ನಿಯಂತ್ರಣವೂ ಬ್ರಿಟಿಷರ ಕೈಗೆ ಬಂದು, ಅದು 1892ರವರೆಗೆ ನಡೆಯಿತು.

1907ರಲ್ಲಿ ರೂಪುಗೊಂಡ ಮದರಾಸು ಮೀನುಗಾರಿಕೆ ವಿಭಾಗದ ಹಿಂದಿದ್ದವನು ಫ್ರೆಡರಿಕ್ ನಿಕೋಲ್ಸನ್. ಉಪ್ಪು ಹಾಕುವ ಕ್ರಮವನ್ನು ಶುಚಿಗೊಳಿಸುವುದು, ಉಪ್ಪಿಗೆ ಒಗ್ಗದಷ್ಟು ಕೊಬ್ಬಿದ ಬೂತಾಯಿಯನ್ನು ಬೇಯಿಸಿ ಎಣ್ಣೆ ಹಿಂಡುವುದು ಅವನ ಕಾಲದ ಪ್ರಯೋಗಗಳು. ಎಣ್ಣೆ ದೋಣಿಯ ಮರಕ್ಕೆ, ತೊಗಲಿಗೆ. ಉಳಿದ ಹಿಂಡಿ ತೋಟಗಳ ಗೊಬ್ಬರಕ್ಕೆ. 1940ರ ದಶಕದಲ್ಲಿ ಬೂತಾಯಿ ಹಲವು ವರ್ಷ ತೀರಕ್ಕೆ ಬಾರದೆ ಈ ಎಣ್ಣೆಕಾರ್ಖಾನೆಗಳು ಮುಗ್ಗರಿಸಿದವು.

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1947ರಲ್ಲಿ ಉಪ್ಪಿನ ತೆರಿಗೆ ರದ್ದಾದಾಗ ಅಂಗಳಗಳ ಮೂಲ ಕಾರಣವೇ ಹೋಯಿತು.

ಒಳನಾಡಿನ ಉಪ್ಪು ಮತ್ತು ಸಂತೆ

ಘಟ್ಟದ ಮೇಲಿನ ಮೈಸೂರು ಸೀಮೆಯಲ್ಲಿ ಉಪ್ಪಾರರು ಉಪ್ಪುಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಒಣಗಿಸಿ ಮಣ್ಣುಪ್ಪು ತೆಗೆಯುತ್ತಿದ್ದರು. ತೊಳೆದು ಎಸೆದ ಮಣ್ಣು ದಿಣ್ಣೆಗಳಾಗಿ ಬೆಳೆಯುತ್ತಿತ್ತು. ಈ ಕಸುಬಿನ ಗುರುತಾಗಿ ಮೈಸೂರು, ಚಾಮರಾಜನಗರಗಳ ಕಡೆ ಮೋಳೆ ಎಂದು ಕೊನೆಗೊಳ್ಳುವ ಊರುಗಳಿವೆ. ಇಂಥ ದಿಣ್ಣೆಗಳನ್ನು ಹಳೆಯ ಬೂದಿದಿಬ್ಬವೆಂದು ಬಗೆಯದೆ ಉಪ್ಪಿನ ತ್ಯಾಜ್ಯವೆಂದು ಗುರುತಿಸಲು ಮಣ್ಣಿನ ಪರೀಕ್ಷೆ ಬೇಕಾಗುತ್ತದೆ. ಮಣ್ಣುಪ್ಪು ಅಡುಗೆಗೆ, ದನಗಳಿಗೆ ಸಾಕಾಗುತ್ತಿತ್ತು.

ಕರಾವಳಿಯ ಒಣಮೀನು, ಒಣಸಿಗಡಿಗಳಿಗೆ ಘಟ್ಟದ ಮೇಲೆ ಹಿಂದಿನಿಂದಲೂ ಗಿರಾಕಿಗಳಿದ್ದಾರೆ. ಮಂಡ್ಯ ಜಿಲ್ಲೆಯ ವಾರದ ಸಂತೆಗಳಲ್ಲಿ ಒಣಮೀನಿನ ಸಾಲು ತಪ್ಪದೆ ಇರುತ್ತದೆ. ಬದನೆಕಾಯಿ, ಅವರೆಕಾಳು, ನುಗ್ಗೆಕಾಯಿಯ ಜೊತೆ ಒಣಮೀನಿನ ಸಾರು ಮಾಡಿ ಮುದ್ದೆಯೊಡನೆ ಉಣ್ಣುವುದು ಇಲ್ಲಿನ ವಾಡಿಕೆ. ಕರಾವಳಿಯಲ್ಲಿ ಒಣಮೀನು ಮುಖ್ಯವಾಗಿ ಮಳೆಗಾಲದ ಸರಕು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯಂತೆ ಅದನ್ನೂ ಬೇಸಿಗೆಯಲ್ಲೇ ಕೂಡಿಟ್ಟು, ಕಡಲಿಗೆ ಇಳಿಯಲಾಗದ ದಿನಗಳಲ್ಲಿ ಚಟ್ನಿಗೆ, ಗಂಜಿಯ ನಂಚಿಗೆಗೆ ತೆಗೆಯುತ್ತಾರೆ.

ಇಂದಿನ ಸ್ಥಿತಿ

ಮಂಜುಗಡ್ಡೆ, ಶೀತಲಗೃಹ, ಲಾರಿ ಸಾಗಣೆ ಬಂದ ಮೇಲೆ ಹಿಡಿದ ಮೀನಿನಲ್ಲಿ ಉಪ್ಪಿಗೆ ಹೋಗುವ ಪಾಲು ಇಳಿಯಿತು. ಕೊಲಂಬೊ ಪದ್ಧತಿ ಸಿಲೋನಿನ ಮಾರುಕಟ್ಟೆಯೊಂದಿಗೆ ನಿಂತುಹೋಗಿ ಈಗ ಪಠ್ಯಪುಸ್ತಕದಲ್ಲಷ್ಟೇ ಇದೆ. ಸಿಗಡಿ, ದೊಡ್ಡ ಮೀನು ರಫ್ತಿಗೆ; ಬೂತಾಯಿಯ ಒಂದು ಪಾಲು ಹಾಗೂ ಟ್ರಾಲರುಗಳ ಪುಡಿಮೀನು ಮೀನುಹಿಟ್ಟಿನ ಕಾರ್ಖಾನೆಗಳಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳಿಗೆ ಒಣಮೀನಿನ ಬೇಡಿಕೆ ಕುಂದಿಲ್ಲ. ಮಂಗಳೂರು, ಮಲ್ಪೆ, ಗಂಗೊಳ್ಳಿ, ತದಡಿ, ಅಂಕೋಲೆ, ಕಾರವಾರಗಳಲ್ಲಿ ಒಣಗಿಸುವ, ಮಾರುವ ಕೆಲಸ ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ. 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಮತ್ತು 1969ರ ಮಂಗಳೂರಿನ ಮೀನುಗಾರಿಕೆ ಕಾಲೇಜು ಎತ್ತರದ ಅಟ್ಟಣೆ, ಸೌರ ಒಣಗೂಡುಗಳನ್ನು ಬಳಕೆಗೆ ತರಲು ಕೆಲಸ ಮಾಡಿವೆ. ಮರಳು ಅಂಟದ ಮೀನಿಗೆ ಬೆಲೆ ಹೆಚ್ಚು ಸಿಗುತ್ತದಾದರೂ ಒಣಗಿಸಲು ದಡದಲ್ಲಿ ಜಾಗ ಸಿಗುವುದು ಕಷ್ಟವಾಗಿದೆ: ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆ, ರಸ್ತೆ, ರೆಸಾರ್ಟುಗಳು ಹಳೆಯ ಒಣಗಿಸುವ ಬಯಲನ್ನು ಆಕ್ರಮಿಸಿವೆ.

ಪುರಾತತ್ತ್ವದ ದೃಷ್ಟಿಯಿಂದ ಉಳಿದಿರುವವು ಸಾಣಿಕಟ್ಟಾದ ಆಗರ, ಗಜನಿಯ ಬದುಗಳು, ಸರ್ಕಾರಿ ಅಂಗಳಗಳು ಇದ್ದ ನಿವೇಶನಗಳು ಮತ್ತು ಉಪ್ಪಿನ ಇಲಾಖೆಯ ಕಡತಗಳು. ಬಸರೂರು, ಬಾರಕೂರು, ಹೊನ್ನಾವರ, ಮಿರ್ಜಾನಗಳಂಥ ಹಳೆಯ ಬಂದರುಗಳಲ್ಲಿ ಸುಣ್ಣ, ಚಿಪ್ಪು ಬೆರೆತು ಮಣ್ಣಿನ ಆಮ್ಲೀಯತೆ ತಗ್ಗಿದ ಕಡೆ ಮೀನಿನ ಮೂಳೆ ಉಳಿದಿರುವ ಸಾಧ್ಯತೆ ಹೆಚ್ಚು. ಅಂಥ ಪದರುಗಳ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಯಿಸಿ ಶೋಧಿಸಿದರೆ ಮಾತ್ರ ಬೂತಾಯಿಯಂಥ ಸಣ್ಣ ಮೀನಿನ ಬೆನ್ನೆಲುಬಿನ ಮಣಿ ಕೈಗೆ ಸಿಗುತ್ತದೆ. ಕೈಯಿಂದ ಆರಿಸುವ ಸಾಮಾನ್ಯ ಉತ್ಖನನದಲ್ಲಿ ಅದು ಮಣ್ಣಿನೊಡನೆ ಹೊರಗೆ ಹೋಗುತ್ತದೆ. ತಲೆಯ ಮೂಳೆಗಳು ಒಂದೆಡೆ ರಾಶಿಯಾಗಿ, ಬೆನ್ನೆಲುಬು ಇನ್ನೊಂದೆಡೆ ದೊರೆತರೆ ಅಲ್ಲಿ ಮೀನು ಸೀಳಿ ಹೊರಗೆ ಕಳಿಸುವ ಕೆಲಸ ನಡೆಯುತ್ತಿತ್ತೆಂದು ಹೇಳಬಹುದು; ಘಟ್ಟದ ಮೇಲಿನ ನೆಲೆಯಲ್ಲಿ ಸಮುದ್ರ ಮೀನಿನ ಮೂಳೆ ಸಿಕ್ಕರೆ ಅದು ತಲುಪಿದ ಸಂತೆಯ ಗುರುತು.